ಖಾನಾವಳಿಯ ಪರವಾನಗಿಯೂ ಮನೆಯ ಹಕ್ಕುಪತ್ರವೂ: ಜಾಗದ ದಾಖಲೆಯಿಂದ ತೊಡಗುವ ದಾರಿ

ಯಾದಗಿರಿ ಜಿಲ್ಲೆಯ ಅಬ್ಬೆತುಮಕೂರು ವಿಶ್ವಾರಾಧ್ಯರ ಸಿದ್ಧಸಂಸ್ಥಾನ ಮಠದಿಂದ ನಾಡಿಗೆ ಪರಿಚಿತವಾದ ಊರಾಗಿದ್ದು, ಜಾತ್ರೆಯ ದಿನಗಳಲ್ಲಿ ಇಲ್ಲಿಗೆ ಬರುವ ಭಕ್ತರ ಹಸಿವನ್ನು ಮಠದ ದಾಸೋಹ ತಣಿಸಿದರೂ ಚಹಾದಂಗಡಿ, ಮಿರ್ಚಿ ಭಜಿಯ ಗಾಡಿ, ಜೋಳದ ರೊಟ್ಟಿಯ ಖಾನಾವಳಿಗಳಿಗೆ ಇರುವ ಬೇಡಿಕೆ ಕಡಿಮೆಯಾಗುವುದಿಲ್ಲ. ಇಂಥ ಊರುಗಳಲ್ಲಿ ಖಾನಾವಳಿಗೆ ಅನುಮತಿ ಕೊಡುವ ನಿರ್ಧಾರವೂ ಬಡವರಿಗೆ ಮನೆ ಕೊಡುವ ನಿರ್ಧಾರವೂ ಒಂದೇ ಕಚೇರಿಯಲ್ಲಿ, ಬಹುಪಾಲು ಒಂದೇ ಮೇಜಿನ ಮೇಲೆ ಆಗುತ್ತವೆ. ಏಕೆಂದರೆ ಎರಡಕ್ಕೂ ಬೇಕಾದದ್ದು ಊರೊಳಗಿನ ಅಷ್ಟೇ ಜಾಗ, ಅದೇ ನೀರು, ಅದೇ ಚರಂಡಿ. ಆದ್ದರಿಂದ ಉದ್ಯಮ ಆರಂಭಿಸುವವರೂ ಅದರ ಪಕ್ಕದಲ್ಲಿ ವಾಸಿಸುವವರೂ ಈ ನಿರ್ಧಾರಗಳು ಯಾವ ಕ್ರಮದಲ್ಲಿ ಆಗುತ್ತವೆ ಎಂಬುದನ್ನು ತಿಳಿದಿರಬೇಕಾಗುತ್ತದೆ.

ಮೊದಲು ನೋಡಬೇಕಾದದ್ದು ಜಾಗ

ಹೆಚ್ಚಿನವರು ಒಲೆ, ಪಾತ್ರೆ, ಬೆಂಚುಗಳನ್ನು ಕೊಂಡ ಮೇಲೆ ಪರವಾನಗಿಯ ವಿಚಾರಕ್ಕೆ ಬರುತ್ತಾರೆ. ಸರಿಯಾದ ಕ್ರಮ ಇದರ ತಿರುವುಮುರುವಾಗಿದೆ. ಖಾನಾವಳಿ ಬರಲಿರುವ ಜಾಗ ಊರಿನ ಗಾಂವಠಾಣದಲ್ಲಿದೆಯೋ, ಅಂದರೆ ಕಂದಾಯ ನಕ್ಷೆಯಲ್ಲಿ ಜನವಸತಿಗೆಂದೇ ಗುರುತಿಸಿದ ಗಡಿಯೊಳಗಿದೆಯೋ, ಅಥವಾ ಸರ್ವೆ ನಂಬರ್ ಇರುವ ಕೃಷಿ ಜಮೀನಿನಲ್ಲಿದೆಯೋ ಎಂಬುದನ್ನು ಪಹಣಿ ಮತ್ತು ಗ್ರಾಮ ನಕ್ಷೆಯಿಂದ ಖಚಿತಪಡಿಸಿಕೊಳ್ಳುವುದು ಮೊದಲ ಹೆಜ್ಜೆ. ಜಮೀನು ಕೃಷಿಯದ್ದಾಗಿದ್ದರೆ ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 95ನೇ ಕಲಮಿನ ಅಡಿಯಲ್ಲಿ ಭೂಪರಿವರ್ತನೆ, ಅಂದರೆ ಕೃಷಿಯೇತರ ಬಳಕೆಗೆ ಒಪ್ಪಿಗೆ, ಬೇಕಾಗುತ್ತದೆ. 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇಂಥ ಕೆಲಸಕ್ಕೆ ಕಲಬುರಗಿಯ ಜಿಲ್ಲಾಧಿಕಾರಿ ಕಚೇರಿಯನ್ನು ಅವಲಂಬಿಸಬೇಕಿದ್ದ ಈ ಭಾಗದ ಜನರಿಗೆ ಈಗ ಅದು ಯಾದಗಿರಿಯಲ್ಲೇ ಆಗುತ್ತದೆ, ಮತ್ತು ಅರ್ಜಿಯನ್ನು ಆನ್‌ಲೈನ್ ಮೂಲಕವೂ ಸಲ್ಲಿಸಬಹುದು.

ಇಲ್ಲಿ ಪದೇ ಪದೇ ಆಗುವ ಒಂದು ಎಡವಟ್ಟಿದೆ. ಭೂಪರಿವರ್ತನೆಯ ಆದೇಶ ಯಾವ ಉದ್ದೇಶಕ್ಕೆ ಎಂಬುದನ್ನು ಹೇಳಿಯೇ ಹೊರಡುತ್ತದೆ. ವಾಸದ ಉದ್ದೇಶಕ್ಕೆ ಪರಿವರ್ತನೆಯಾದ ನಿವೇಶನದಲ್ಲಿ ವಸತಿಗೃಹವನ್ನೋ ದೊಡ್ಡ ಹೋಟೆಲನ್ನೋ ಕಟ್ಟಿದರೆ ಅದು ಆದೇಶದ ಷರತ್ತಿನ ಉಲ್ಲಂಘನೆಯಾಗುತ್ತದೆ. ಜಾಗ ಖರೀದಿಸುವವರು ಅಥವಾ ಬಾಡಿಗೆಗೆ ಹಿಡಿಯುವವರು ಆ ಆದೇಶದ ಪ್ರತಿಯನ್ನು ಕೇಳಿ, ಉದ್ದೇಶದ ಸಾಲನ್ನು ಸ್ವತಃ ಓದಬೇಕು. ಮಾಲೀಕರ ಬಾಯಿಮಾತು ಇದಕ್ಕೆ ಸಾಲದು.

ಪಂಚಾಯಿತಿ ವ್ಯಾಪ್ತಿಯ ಆಸ್ತಿಗೆ ಮುಂದಿನ ದಾಖಲೆ ಇ-ಸ್ವತ್ತು. 2013ರಿಂದ ಜಾರಿಯಲ್ಲಿರುವ ಈ ವ್ಯವಸ್ಥೆಯಲ್ಲಿ ಕೃಷಿಯೇತರ ಆಸ್ತಿಯ ವಿವರ ನಮೂನೆ 9ರಲ್ಲೂ ಅದರ ಬೇಡಿಕೆ ಮತ್ತು ತೆರಿಗೆಯ ವಿವರ ನಮೂನೆ 11ರಲ್ಲೂ ದಾಖಲಾಗುತ್ತವೆ. ಇದರಲ್ಲಿ 11ಎ ಮತ್ತು 11ಬಿ ಎಂಬ ಎರಡು ಬಗೆಗಳಿದ್ದು, ಕ್ರಮಬದ್ಧ ಅನುಮೋದನೆ ಇಲ್ಲದ ಆಸ್ತಿಗಳು ಎರಡನೆಯದರಲ್ಲಿ ಬರುತ್ತವೆ. ಸಾಲ ಕೊಡುವ ಬ್ಯಾಂಕುಗಳು ಮೊದಲು ನೋಡುವುದು ಇದನ್ನೇ ಆದ್ದರಿಂದ ಈ ವ್ಯತ್ಯಾಸವನ್ನು ಕಡೆಗಣಿಸಬಾರದು.

ಪಟ್ಟಣದ ಅಂಚಿನಲ್ಲಿದ್ದರೆ ಮಹಾಯೋಜನೆ

ಯಾದಗಿರಿ, ಶಹಾಪುರ, ಸುರಪುರ ನಗರಸಭೆಗಳ ಒಳಗೆ ಹಾಗೂ ಅವುಗಳ ಸುತ್ತ ಸ್ಥಳೀಯ ಯೋಜನಾ ಪ್ರದೇಶವೆಂದು ಘೋಷಿತವಾದ ಹಳ್ಳಿಗಳಲ್ಲಿ ಇನ್ನೊಂದು ಕಾನೂನು ಅನ್ವಯಿಸುತ್ತದೆ. ಅದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961. ಇದರ ಅಡಿಯಲ್ಲಿ ಸಿದ್ಧವಾಗುವ ಮಹಾಯೋಜನೆಯು ಊರಿನ ಪ್ರತಿಯೊಂದು ತುಂಡು ಭೂಮಿಯನ್ನೂ ವಸತಿ, ವಾಣಿಜ್ಯ, ಕೈಗಾರಿಕೆ, ಉದ್ಯಾನ, ಕೃಷಿ ಎಂಬಂಥ ವಲಯಗಳಾಗಿ ವಿಂಗಡಿಸುತ್ತದೆ, ಮತ್ತು ಅದರ ಜೊತೆಗಿರುವ ವಲಯ ನಿಯಮಾವಳಿಯು ಯಾವ ವಲಯದಲ್ಲಿ, ಎಷ್ಟು ಅಗಲದ ರಸ್ತೆಯಲ್ಲಿ ಏನನ್ನು ನಡೆಸಬಹುದು ಎಂಬುದನ್ನು ಹೇಳುತ್ತದೆ. ಖಾನಾವಳಿಯ ಜಾಗ ವಸತಿ ವಲಯದಲ್ಲಿದ್ದರೆ, ಆ ನಿಯಮಾವಳಿ ಅದಕ್ಕೆ ಎಡೆ ಕೊಡುತ್ತದೆಯೇ ಎಂದು ಯೋಜನಾ ಪ್ರಾಧಿಕಾರದ ಕಚೇರಿಯಲ್ಲಿ ನಕ್ಷೆ ನೋಡಿ ಕೇಳಬೇಕು. ಎಡೆ ಇಲ್ಲದಿದ್ದರೆ 14ಎ ಕಲಮಿನಡಿ ಭೂಬಳಕೆ ಬದಲಾವಣೆಗೆ ಅರ್ಜಿ ಹಾಕುವುದೊಂದೇ ದಾರಿ.

ಈ 14ಎ ಪ್ರಕ್ರಿಯೆಯನ್ನು ನೆರೆಹೊರೆಯವರು ವಿಶೇಷವಾಗಿ ಗಮನಿಸಬೇಕು. ಭೂಬಳಕೆ ಬದಲಾವಣೆಯ ಪ್ರಸ್ತಾವವನ್ನು ಆ ಭಾಗದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಲಾಗುತ್ತದೆ. ಈ ಪ್ರಕಟಣೆಗಳು ಪತ್ರಿಕೆಯ ಒಳಪುಟದಲ್ಲಿ, ಟೆಂಡರ್ ಜಾಹೀರಾತುಗಳ ನಡುವೆ ಸಣ್ಣ ಅಕ್ಷರದಲ್ಲಿ ಬರುವುದರಿಂದ ಓದುವವರು ಕಡಿಮೆ. ಆದರೆ ಪಕ್ಕದ ಮನೆಯವರ ಮಾತಿಗೆ ಕಾನೂನಿನ ತೂಕ ಇರುವುದು ಆ ಕೆಲವೇ ದಿನಗಳ ಅವಧಿಯಲ್ಲಿ. ಬೆಂಗಳೂರಿನ ಇಂದಿರಾನಗರ, ಕೋರಮಂಗಲದ ನಿವಾಸಿಗಳು ತಮ್ಮ ಮನೆಗಳ ಮಗ್ಗುಲಲ್ಲಿ ಪಬ್, ರೆಸ್ಟೋರೆಂಟ್‌ಗಳು ತೆರೆದ ಮೇಲೆ ವರ್ಷಗಟ್ಟಲೆ ಹೋರಾಡಬೇಕಾಗಿ ಬಂದದ್ದಕ್ಕೆ, 2007ರಲ್ಲಿ ಅನುಮೋದನೆಗೊಂಡ ಅಲ್ಲಿನ ಮಹಾಯೋಜನೆಯು ವಸತಿ ಪ್ರದೇಶಗಳಲ್ಲಿ ವಾಣಿಜ್ಯಕ್ಕೆ ಹೆಚ್ಚು ಎಡೆ ಕೊಟ್ಟದ್ದೇ ಮುಖ್ಯ ಕಾರಣಗಳಲ್ಲೊಂದು. ಯಾದಗಿರಿಯಂಥ ಬೆಳೆಯುತ್ತಿರುವ ಊರಿಗೆ ಆ ಅನುಭವದಿಂದ ಕಲಿಯಲು ಇನ್ನೂ ಸಮಯವಿದೆ.

ಕಟ್ಟಡ, ಪರವಾನಗಿ, ಅಡುಗೆಮನೆ

ಜಾಗದ ಪ್ರಶ್ನೆ ಬಗೆಹರಿದ ಮೇಲೆ ಕಟ್ಟಡದ ಅನುಮತಿ ಬರುತ್ತದೆ. ಹಳ್ಳಿಯಲ್ಲಿ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅಡಿಯಲ್ಲಿ ಗ್ರಾಮ ಪಂಚಾಯಿತಿಯಿಂದ, ಪಟ್ಟಣದಲ್ಲಿ ಕರ್ನಾಟಕ ಪೌರಸಭೆಗಳ ಅಧಿನಿಯಮ, 1964ರ ಅಡಿಯಲ್ಲಿ ನಗರಸಭೆಯಿಂದ ಇದನ್ನು ಪಡೆಯಬೇಕು. ಇರುವ ಮನೆಯ ಮುಂದಿನ ಕೋಣೆಯನ್ನೇ ಖಾನಾವಳಿ ಮಾಡುವವರೂ ಆಸ್ತಿಯ ಬಳಕೆ ಬದಲಾದದ್ದನ್ನು ತಿಳಿಸಬೇಕಾಗುತ್ತದೆ, ಏಕೆಂದರೆ ತೆರಿಗೆಯ ದರವೂ ಜೆಸ್ಕಾಂ ವಿದ್ಯುತ್ ದರದ ವರ್ಗವೂ ವಾಸಕ್ಕೊಂದು, ವಾಣಿಜ್ಯಕ್ಕೊಂದು ಆಗಿವೆ.

ಮುಂದಿನದು ಉದ್ದಿಮೆ ಪರವಾನಗಿ. ಅರ್ಜಿಯೊಂದಿಗೆ ಆಸ್ತಿಯ ದಾಖಲೆ, ತೆರಿಗೆ ಕಟ್ಟಿದ ರಸೀದಿ, ಬಾಡಿಗೆ ಜಾಗವಾದರೆ ಕರಾರು ಪತ್ರ, ಅರ್ಜಿದಾರರ ಗುರುತಿನ ದಾಖಲೆ ಇರಬೇಕು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಸ್ಥಳ ಪರಿಶೀಲನೆಗೆ ಬಂದಾಗ ಮುಂಬಾಗಿಲಿಗಿಂತ ಹಿತ್ತಿಲನ್ನು ನೋಡಬೇಕು ಎಂಬುದು ಈ ಬರಹದ ಸ್ಪಷ್ಟ ಅಭಿಪ್ರಾಯ. ಪಾತ್ರೆ ತೊಳೆದ ನೀರು ಎಣ್ಣೆ ಜಿಡ್ಡು ಮತ್ತು ಅನ್ನದ ಅಗುಳುಗಳೊಂದಿಗೆ ಫರ್ಸಿ ಕಲ್ಲಿನ ತೆರೆದ ಚರಂಡಿಗೆ ಹರಿದು, ಎರಡು ಮನೆ ದಾಟುವಷ್ಟರಲ್ಲಿ ಕಟ್ಟಿಕೊಂಡು, ಬೇಸಿಗೆಯ ಬಿಸಿಲಿಗೆ ನಾತ ಹಿಡಿದು ಸೊಳ್ಳೆಗೆ ನೆಲೆಯಾಗುತ್ತದೆ. ಖಾನಾವಳಿಯ ಬಗ್ಗೆ ಓಣಿಯವರ ತಕರಾರು ಬಹುಪಾಲು ಇಲ್ಲಿಂದಲೇ ಶುರುವಾಗುತ್ತದೆ. ಜಿಡ್ಡನ್ನು ತಡೆಯುವ ತೊಟ್ಟಿ, ಜಾಲರಿ ಮತ್ತು ಇಂಗುಗುಂಡಿಯನ್ನು ಪರವಾನಗಿಯ ಷರತ್ತಾಗಿ ಬರೆದು ಕೊಟ್ಟರೆ, ಮುಂದೆ ಅದನ್ನು ಪಾಲಿಸದಿದ್ದಾಗ ಕ್ರಮ ಕೈಗೊಳ್ಳಲು ಪಂಚಾಯಿತಿಗೆ ಆಧಾರ ಇರುತ್ತದೆ. ಬರೆಯದ ಷರತ್ತಿಗೆ ಬೆಲೆಯಿಲ್ಲ.

ಪಂಚಾಯಿತಿಯ ಪರವಾನಗಿ ಇದ್ದ ಮಾತ್ರಕ್ಕೆ ಆಹಾರ ಮಾರುವ ಹಕ್ಕು ಪೂರ್ಣವಾಗುವುದಿಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ ಅಡಿಯಲ್ಲಿ ಸಣ್ಣ ವ್ಯಾಪಾರಿಗಳು ನೋಂದಣಿಯನ್ನೂ ದೊಡ್ಡವರು ಲೈಸೆನ್ಸನ್ನೂ ಪಡೆಯಬೇಕು. ಇದರ 2011ರ ನಿಯಮಗಳು ಮೂಲತಃ ವಾರ್ಷಿಕ 12 ಲಕ್ಷ ರೂಪಾಯಿ ವಹಿವಾಟನ್ನು ಇವೆರಡರ ನಡುವಿನ ಗಡಿಯಾಗಿ ಇಟ್ಟಿದ್ದವು. ಗಡಿಯೂ ಶುಲ್ಕವೂ ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಹಾಕುವ ದಿನದ ದರವನ್ನು ಆಹಾರ ಸುರಕ್ಷತಾ ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲೇ ನೋಡಿಕೊಳ್ಳಬೇಕು. ದೊರೆಯುವ 14 ಅಂಕಿಗಳ ಸಂಖ್ಯೆಯನ್ನು ಗಿರಾಕಿಗಳಿಗೆ ಕಾಣುವಂತೆ ತೂಗುಹಾಕುವುದು ಕಡ್ಡಾಯ. ಲೈಸೆನ್ಸ್ ವರ್ಗಕ್ಕೆ ಸೇರುವ ಹೋಟೆಲುಗಳಲ್ಲಿ ಅಡುಗೆಯವರಿಗೂ ಬಡಿಸುವವರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಕುಡಿಯುವ ನೀರಿನ ಪರೀಕ್ಷಾ ವರದಿ ಇರಬೇಕು. ಕೊಳವೆಬಾವಿಯ ನೀರನ್ನೇ ನಂಬಿದ ಊರುಗಳಲ್ಲಿ ಈ ವರದಿಯನ್ನು ಕಾಗದದ ಶಾಸ್ತ್ರವೆಂದು ತಿಳಿಯದೆ, ಸಣ್ಣ ಖಾನಾವಳಿಯವರೂ ಸ್ವಯಂ ಪ್ರೇರಣೆಯಿಂದ ಮಾಡಿಸುವುದು ಒಳ್ಳೆಯದು. ಅಡುಗೆ ಅನಿಲದ ವಿಷಯದಲ್ಲಿ, ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ಖಾನಾವಳಿಯಲ್ಲಿ ಉರಿಸುವುದು ಕಾನೂನುಬಾಹಿರ. ವಾಣಿಜ್ಯ ಬಳಕೆಗೆ 19 ಕಿಲೋ ಸಿಲಿಂಡರ್ ಇದೆ.

ಜಾತ್ರೆಯಲ್ಲಿ ನಾಲ್ಕು ದಿನ ಅಂಗಡಿ ಹಾಕುವವರು ತಮಗೆ ಇದು ಅನ್ವಯಿಸದೆಂದು ಭಾವಿಸುತ್ತಾರೆ. ಆದರೆ ನೋಂದಣಿ ಮಾಡಿಸಬೇಕಾದ ಸಣ್ಣ ಆಹಾರ ವ್ಯಾಪಾರಿಗಳ ವ್ಯಾಖ್ಯೆಯಲ್ಲಿ ತಾತ್ಕಾಲಿಕ ಮಳಿಗೆಯವರೂ ತಿರುಗಿ ಮಾರುವವರೂ ಸ್ಪಷ್ಟವಾಗಿ ಸೇರಿದ್ದಾರೆ. ಧಾರ್ಮಿಕ ಮತ್ತು ಸಾಮಾಜಿಕ ಸಮಾರಂಭಗಳಲ್ಲಿ ಆಹಾರ ಹಂಚುವವರನ್ನೂ ಅದೇ ವ್ಯಾಖ್ಯೆ ಒಳಗೊಳ್ಳುತ್ತದೆ. ಸಾವಿರಾರು ಜನ ಒಟ್ಟಿಗೆ ಉಣ್ಣುವ ಕಡೆ ಒಂದು ಪಾತ್ರೆಯ ಅಜಾಗ್ರತೆ ಎಷ್ಟು ಮಂದಿಯನ್ನು ಆಸ್ಪತ್ರೆ ಸೇರಿಸಬಲ್ಲದು ಎಂಬುದನ್ನು ನೆನೆದರೆ ಈ ನಿಯಮದ ಅಗತ್ಯ ತಾನೇ ತಿಳಿಯುತ್ತದೆ.

ಮನೆಯ ಪ್ರಶ್ನೆ

ಭಕ್ತರು, ಪ್ರವಾಸಿಗಳು ಹೆಚ್ಚುವ ಊರಲ್ಲಿ ರಸ್ತೆ ಬದಿಯ ಮನೆಗಳು ಒಂದೊಂದಾಗಿ ಅಂಗಡಿಯಾಗುತ್ತವೆ, ಖಾಲಿ ಜಾಗದ ಬೆಲೆ ಏರುತ್ತದೆ, ಮತ್ತು ದಾಖಲೆಯಿಲ್ಲದೆ ವಾಸಿಸುತ್ತಿರುವ ಕುಟುಂಬಗಳ ಮೇಲೆ ಮೊದಲು ಒತ್ತಡ ಬೀಳುತ್ತದೆ. ಅಂಥವರಿಗಾಗಿ ಭೂ ಕಂದಾಯ ಅಧಿನಿಯಮದಲ್ಲೇ ಮೂರು ಕಲಮುಗಳಿವೆ: ಗ್ರಾಮೀಣ ಪ್ರದೇಶದ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ವಾಸದ ಮನೆಯ ಸಕ್ರಮಕ್ಕೆ 94ಸಿ, ಪಟ್ಟಣದಲ್ಲಿ 94ಸಿಸಿ, ಮತ್ತು ಕಂದಾಯ ದಾಖಲೆಯಲ್ಲಿ ಊರೆಂದೇ ಸೇರದ ತಾಂಡಾ, ಹಟ್ಟಿ, ಹಾಡಿಗಳ ನಿವಾಸಿಗಳಿಗೆ 94ಡಿ. ಲಂಬಾಣಿ ತಾಂಡಾಗಳು ಹೆಚ್ಚಿರುವ ಈ ಭಾಗಕ್ಕೆ ಮೂರನೆಯದು ಅತಿ ಮುಖ್ಯವಾದದ್ದು. ಯಾದಗಿರಿ, ಕಲಬುರಗಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1475 ದಾಖಲೆರಹಿತ ಜನವಸತಿಗಳು ಹೊಸ ಕಂದಾಯ ಗ್ರಾಮಗಳೆಂದು ಘೋಷಿತವಾದವು, ಮತ್ತು 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ನಡೆದ ಸಮಾರಂಭದೊಂದಿಗೆ 50 ಸಾವಿರಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರ ನೀಡಲಾಯಿತು. ಹಕ್ಕುಪತ್ರ ಕೈಸೇರಿದ ಕುಟುಂಬಗಳು ಅಲ್ಲಿಗೇ ನಿಲ್ಲದೆ, ಅದರ ಆಧಾರದ ಮೇಲೆ ಇ-ಸ್ವತ್ತಿನಲ್ಲಿ ಹೆಸರು ದಾಖಲಿಸಿಕೊಳ್ಳಬೇಕು; ಮನೆ ಕಟ್ಟುವ ಸಹಾಯಧನವಾಗಲಿ ಬ್ಯಾಂಕ್ ಸಾಲವಾಗಲಿ ಕೇಳುವಾಗ ಆ ದಾಖಲೆಯೇ ನೆರವಿಗೆ ಬರುತ್ತದೆ.

ಸಹಾಯಧನದ ವಿಷಯದಲ್ಲಿ, 2016ರ ನವೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗವು ಬಯಲು ಪ್ರದೇಶದಲ್ಲಿ 1.20 ಲಕ್ಷ ರೂಪಾಯಿಯನ್ನು, ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಮನೆಗೆ ನಿಗದಿಪಡಿಸಿದೆ. ರಾಜ್ಯದ ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆಗಳನ್ನು ರಾಜೀವ್ ಗಾಂಧಿ ವಸತಿ ನಿಗಮ ನಡೆಸುತ್ತದೆ. ತಳಪಾಯದಿಂದ ಛಾವಣಿಯವರೆಗೆ ಹಂತಹಂತವಾಗಿ ಸ್ಥಳದ ಗುರುತಿರುವ ಛಾಯಾಚಿತ್ರ ಏರಿಸಿದ ಮೇಲೆ ಹಣದ ಕಂತು ಬರುತ್ತದೆ. ಪಟ್ಟಣಗಳಲ್ಲಿ 2024ರಲ್ಲಿ ಆರಂಭವಾದ ಆವಾಸ್ ಯೋಜನೆಯ ಎರಡನೇ ಹಂತದಡಿ, ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇಲ್ಲದ ಕುಟುಂಬಗಳು ಅರ್ಜಿ ಹಾಕಬಹುದು. ಹಳ್ಳಿಗಳಲ್ಲಿ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ಆಗಬೇಕೆಂಬುದು ನಿಯಮ. ಸಭೆಗೆ ಜನ ಬಾರದ ಊರಲ್ಲಿ ಪಟ್ಟಿ ಕೆಲವರ ಮನೆಯ ಪಡಸಾಲೆಯಲ್ಲೇ ಸಿದ್ಧವಾಗಿಬಿಡುತ್ತದೆ. ಇದು ಅನ್ಯಾಯ, ಮತ್ತು ಇದಕ್ಕೆ ಹಾಜರಾತಿಯಷ್ಟು ಸರಳವಾದ ಬೇರೆ ಮದ್ದಿಲ್ಲ.

ಒಪ್ಪಿಗೆ ಇಲ್ಲದವರು ಮಾಡಬೇಕಾದದ್ದು

ಖಾನಾವಳಿಗೆ ಕೊಡುವ ಅನುಮತಿಯಿಂದ ತೊಂದರೆ ಆಗುತ್ತದೆಂದು ಭಾವಿಸುವವರು ಬಾಯಿಮಾತಿನ ಜಗಳಕ್ಕೆ ಇಳಿಯದೆ, ಹೊಗೆ, ಕೊಳೆನೀರು, ವಾಹನ ನಿಲುಗಡೆ, ರಾತ್ರಿ ಗದ್ದಲ ಎಂದು ನಿರ್ದಿಷ್ಟ ಕಾರಣ ಬರೆದು ಪಿಡಿಒ ಅಥವಾ ಪೌರಾಯುಕ್ತರಿಗೆ ಅರ್ಜಿ ಕೊಟ್ಟು, ದಿನಾಂಕವಿರುವ ಸ್ವೀಕೃತಿ ಪಡೆಯಬೇಕು. ಪರವಾನಗಿ ನಿರಾಕರಣೆಯಾದ ಅರ್ಜಿದಾರರೂ ಹಾಗೆಯೇ, ಕಾರಣ ನಮೂದಿಸಿದ ಲಿಖಿತ ಹಿಂಬರಹವನ್ನು ಕೇಳಿ ಪಡೆಯಬೇಕು. ಮೇಲ್ಮನವಿಯ ಕಾಲಮಿತಿ ಎಣಿಕೆಯಾಗುವುದು ಆದೇಶದ ದಿನಾಂಕದಿಂದ. ಕಡತದಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿಯಲ್ಲಿ ಇರಬೇಕು. ಉತ್ತರಕ್ಕೆ 30 ದಿನಗಳ ಅವಧಿ ಇದೆ. ಭೂಪರಿವರ್ತನೆ ಆದೇಶದ ಪ್ರತಿ, ಸ್ಥಳ ಪರಿಶೀಲನಾ ವರದಿ, ಪರವಾನಗಿಯ ಷರತ್ತುಗಳು ಎಂಬ ಮೂರನ್ನು ಕೇಳಿದರೆ ಸಾಮಾನ್ಯವಾಗಿ ಇಡೀ ಪ್ರಕರಣದ ನಿಜಸ್ಥಿತಿ ತಿಳಿಯುತ್ತದೆ.

ಗ್ರಾಮಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಲೇಬೇಕು. ಅಬ್ಬೆತುಮಕೂರಿನವರಾಗಲಿ ಸುತ್ತಲಿನ ಹಳ್ಳಿ, ತಾಂಡಾಗಳವರಾಗಲಿ ಮುಂದಿನ ಸಭೆಯ ದಿನವನ್ನು ಪಂಚಾಯಿತಿಯಲ್ಲಿ ಕೇಳಿ ಗುರುತು ಮಾಡಿಕೊಂಡು, ಮನೆಪಟ್ಟಿಯನ್ನೂ ಹೊಸ ಪರವಾನಗಿಗಳ ವಿವರವನ್ನೂ ಸಭೆಯಲ್ಲಿ ಓದಿ ಹೇಳಬೇಕೆಂದು ಲಿಖಿತವಾಗಿ ಒತ್ತಾಯಿಸಲಿ.