ಕೆಮ್ಮು ಹಳೆಯದು, ರಕ್ತ ಹೊಸದು

ಮೂವತ್ತು ವರ್ಷದಿಂದ ಬೀಡಿ ಸೇದುವ ನಿಮ್ಮ ತಂದೆ ‘ಈ ಕೆಮ್ಮು ಇದ್ದದ್ದೇ’ ಅನ್ನುತ್ತಾರೆಂದು ಬರೆದಿದ್ದೀರಿ. ಕೆಮ್ಮು ಹಳೆಯದಿರಬಹುದು, ಕಫದಲ್ಲಿ ರಕ್ತ, ಇಳಿದ ತೂಕ ಹೊಸದು. ಈ ವಾರವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇದು ಕ್ಯಾನ್ಸರೇ ಎಂದಲ್ಲ, ಕ್ಷಯದಲ್ಲೂ ಹೀಗೇ ಆಗುತ್ತದೆ. ತೊಡಕಿರುವುದೂ ಅಲ್ಲೇ. ಎಕ್ಸ್‌-ರೇಯಲ್ಲಿ ಕಂಡ ಕಲೆಯನ್ನು ಕ್ಷಯವೆಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿ, ಆಮೇಲೆ ಕ್ಯಾನ್ಸರ್ ಪತ್ತೆಯಾದವರು ನಮ್ಮಲ್ಲಿ ಕಡಿಮೆಯಿಲ್ಲ. ಮೊದಲು ಕಫ ಪರೀಕ್ಷೆ ಮಾಡಿಸಿ. ಅದರಲ್ಲಿ ಕ್ಷಯ ಕಾಣದಿದ್ದರೆ ಸಿ.ಟಿ. ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ನೇರವಾಗಿ ಕೇಳಿ, ಸಂಕೋಚ ಬೇಡ. ಎಕ್ಸ್‌-ರೇ ಸರಿಯಿದ್ದರೂ ಸಣ್ಣ ಗಂಟು ಅದರ ಕಣ್ಣು ತಪ್ಪಿಸಬಹುದು. ಬಯಾಪ್ಸಿ ಮಾಡಿದರೆ ರೋಗ ಹರಡುತ್ತದೆಂಬ ನೆಂಟರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ.

ಈಗ ಬೀಡಿ ಬಿಟ್ಟು ಏನು ಪ್ರಯೋಜನ ಎಂದು ತಂದೆ ಕೇಳಿದ್ದಾರಲ್ಲ, ಪ್ರಯೋಜನವಿದೆ. ಬಿಟ್ಟು 10 ವರ್ಷವಾದವರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾಯುವ ಅಪಾಯ, ಸೇದುತ್ತಲೇ ಇರುವವರಿಗಿಂತ ಸುಮಾರು ಅರ್ಧಕ್ಕಿಳಿಯುತ್ತದೆ. ಬಿಡಲು ನೆರವು ಬೇಕಿದ್ದರೆ 1800-11-2356ಕ್ಕೆ ಕರೆ ಮಾಡಿ, ಶುಲ್ಕವಿಲ್ಲ.

ಅಮ್ಮ ಬೀಡಿ ಮುಟ್ಟಿದವರಲ್ಲ, ನಿಜ. ಆದರೆ ಸೌದೆ ಒಲೆಯ ಹೊಗೆ, ಅಪ್ಪನ ಹೊಗೆ ಎರಡನ್ನೂ ಕುಡಿದಿದ್ದಾರೆ. ಅವರ ಕೆಮ್ಮು ಮೂರು ವಾರ ದಾಟಿದರೆ ಅವರನ್ನೂ ತೋರಿಸಿ.