ಹಿರಿಯರಿಂದ ಬಂದ ಪುಟಾಣಿ ರೈಲು

ಇಂಗ್ಲೆಂಡ್, ಜರ್ಮನಿಗಳ ಎಷ್ಟೋ ಮನೆಗಳಲ್ಲಿ ತಂದೆಯಿಂದ ಮಕ್ಕಳಿಗೆ ಬರುವ ಸ್ವತ್ತಿನಲ್ಲಿ ಆಟದ ರೈಲುಗಳೂ ಸೇರಿರುತ್ತವೆ. ಜರ್ಮನಿಯ ಮೇರ್ಕ್ಲಿನ್ ಕಾರ್ಖಾನೆಯು ಗೊತ್ತಾದ ಅಳತೆಯ ಹಳಿಗಳ ಮೇಲೆ ಓಡುವ ರೈಲುಗಳನ್ನು 1891ರಲ್ಲಿಯೇ ಹೊರತಂದಿತು. ಇಂಗ್ಲೆಂಡಿನಲ್ಲಿ 1938ರಲ್ಲಿ ಬಂದ ‘ಹಾರ್ನ್‌ಬಿ ಡಬ್ಲೊ’ ರೈಲಿನ ಹಳಿಗಳ ನಡುವಣ ಅಂತರ ಕೇವಲ 16.5 ಮಿಲಿಮೀಟರ್. ಇಂಥವುಗಳನ್ನು ಬೆಲೆಕೊಟ್ಟು ಕೊಳ್ಳುವ ಸಂಗ್ರಾಹಕರು ಇಂದಿಗೂ ಇದ್ದಾರೆ. ಆ ಬೆಲೆ ಕುಂದದಂತೆ ವಾರಸುದಾರನು ಏನು ಮಾಡಬೇಕು? ಇದಕ್ಕೆ ಉತ್ತರವನ್ನು ನಾವು ಲೋಹದ ಸ್ವಭಾವದಲ್ಲಿ ಹುಡುಕಬೇಕಾಗುತ್ತದೆ.

ಹಳೆಯ ಎಂಜಿನುಗಳ ಅನೇಕ ಭಾಗಗಳು ಸತುವಿನ ಮಿಶ್ರಲೋಹದ ಎರಕಗಳು. ಸತುವಿಗೆ ನೂರಕ್ಕೆ ಸುಮಾರು ನಾಲ್ಕು ಪಾಲು ಅಲ್ಯುಮಿನಿಯಂ ಬೆರೆಸಿದರೆ ಅದು ಅಚ್ಚಿನ ಸೂಕ್ಷ್ಮವಾದ ಗೆರೆಗಳನ್ನೂ ತುಂಬುತ್ತದೆ. ಆದರೆ ಸೀಸವು ಲೇಶಮಾತ್ರ ಸೇರಿದರೂ ಕೇಡು ತಪ್ಪದು. ಲೋಹವೆಂಬುದು ಅಸಂಖ್ಯ ಹರಳುಗಳ ಒಟ್ಟಿಲು. ಸೀಸವು ಆ ಹರಳುಗಳ ಸಂದಿಗಳಲ್ಲಿ ನೆಲೆಸುತ್ತದೆ. ಗಾಳಿಯ ತೇವವು ಅದೇ ಸಂದಿಗಳ ದಾರಿಯಲ್ಲಿ ಒಳಹೊಕ್ಕು ಲೋಹವನ್ನು ಕೊರೆಯುತ್ತದೆ. ಹೀಗೆ ಹುಟ್ಟಿದ ಸಂಯುಕ್ತಕ್ಕೆ ಮೊದಲಿನ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಆದುದರಿಂದ ಎರಕವು ಉಬ್ಬಿ, ಸೊಟ್ಟಗಾಗಿ, ಬಿರಿದು, ಕಡೆಗೆ ಪುಡಿಯಾಗುತ್ತದೆ. ಇದನ್ನು ‘ಸತುವಿನ ಪಿಡುಗು’ ಎನ್ನಬಹುದು.

ಹೆಸರು ಪಿಡುಗಾದರೂ ಇದು ಒಂದರಿಂದ ಇನ್ನೊಂದಕ್ಕೆ ಅಂಟುವಂಥದಲ್ಲ. ಎರಕ ಹೊಯ್ದ ದಿನವೇ ಬೀಜ ಒಳಗೆ ಬಿದ್ದಿರುತ್ತದೆ. ಇದಕ್ಕೆ ಮದ್ದಿಲ್ಲ, ವೇಗವನ್ನು ತಗ್ಗಿಸುವುದಷ್ಟೇ ನಮ್ಮ ಕೈಯಲ್ಲಿದೆ. ಬಿಸಿಯೂ ತೇವವೂ ಕೂಡಿದಲ್ಲಿ ಕೇಡು ಬೇಗ ಬೆಳೆಯುತ್ತದೆ. ಆದ್ದರಿಂದ ಬೇಸಗೆಯಲ್ಲಿ ಕಾಯುವ ಅಟ್ಟವೂ ಬೇಡ, ತೇವದ ನೆಲಮಾಳಿಗೆಯೂ ಬೇಡ. ಸಾಪೇಕ್ಷ ಆರ್ದ್ರತೆಯು ನೂರಕ್ಕೆ 40ರಿಂದ 50ರಷ್ಟಿರುವ, ನಾವು ವಾಸಿಸುವ ಕೋಣೆಯೇ ಲೇಸು. ಓಕ್ ಮರದ ಪೆಟ್ಟಿಗೆಯನ್ನು ಬಿಡಬೇಕು. ಅದು ಸೂಸುವ ಅಸಿಟಿಕ್ ಆಮ್ಲದ ಆವಿ ಸತುವನ್ನೂ ಸೀಸವನ್ನೂ ತಿನ್ನುತ್ತದೆ.

ಇನ್ನು, ಪ್ರೀತಿಯಿಂದಲೇ ಆಗುವ ಹಾನಿಯೂ ಉಂಟು. ತಿಕ್ಕಿ ಹೊಳಪು ಕೊಟ್ಟರೆ, ಹೊಸ ಬಣ್ಣ ಬಳಿದರೆ ಮೂಲದ ಬಣ್ಣ ಹೋಗುತ್ತದೆ. ಅದರೊಡನೆ ಬೆಲೆಯೂ ಹೋಗುತ್ತದೆ. ಮೃದುವಾದ ಕುಂಚದಿಂದ ಧೂಳು ತೆಗೆದರೆ ಸಾಕು. ಹಳೆಯ ಮೋಟಾರನ್ನು ಕುತೂಹಲಕ್ಕಾಗಿ ಬಿಚ್ಚಬಾರದು. ಅಯಸ್ಕಾಂತದ ಧ್ರುವಗಳ ನಡುವಣ ಕಬ್ಬಿಣದ ಸುರುಳಿಗಂಬವನ್ನು ಹೊರತೆಗೆದರೆ ಕಾಂತರೇಖೆಗಳಿಗೆ ಸುಗಮವಾದ ಹಾದಿ ತಪ್ಪಿ, ಅಯಸ್ಕಾಂತವು ದುರ್ಬಲವಾಗಬಹುದು.

ಮೂಲದ ರಟ್ಟಿನ ಪೆಟ್ಟಿಗೆ, ಸೂಚನಾಪತ್ರಗಳನ್ನೂ ಎಸೆಯದೆ ಇಡಬೇಕು. ಪ್ರತಿಯೊಂದರ ಛಾಯಾಚಿತ್ರ ತೆಗೆದು ಪಟ್ಟಿ ಬರೆದಿಟ್ಟು, ವರ್ಷಕ್ಕೊಮ್ಮೆ ಹೋಲಿಸಿ ನೋಡಿದರೆ ಹೊಸ ಬಿರುಕು ಒಡನೆ ಕಾಣುತ್ತದೆ. ಬಿರುಕು ಕಂಡ ಎಂಜಿನನ್ನು ಓಡಿಸಬಾರದು. ಮಾರುವಾಗ ಅದನ್ನು ಮುಚ್ಚಿಡಲೂ ಬಾರದು. ಹಿರಿಯರ ಕೈ ಮುಟ್ಟಿದ ವಸ್ತುವನ್ನು ಹೊಸದಾಗಿಸುವುದಕ್ಕಿಂತ, ಇದ್ದಂತೆಯೇ ಮುಂದಿನವರಿಗೆ ದಾಟಿಸುವುದು ಮೇಲು.