ಮಲಗಿದರೂ ಸುಮ್ಮನಿರದ ಕಾಲು: ಹೊಸ ಮಾತ್ರೆ ಶುರುಮಾಡುವ ಮುನ್ನ

ರಾತ್ರಿ ಲೈಟ್ ಆರಿಸಿ ಮಲಗಿದೆವು ಅನ್ನಿ. ಐದೇ ನಿಮಿಷಕ್ಕೆ ಮೀನಖಂಡದ ಒಳಗೆ ಏನೋ ಹರಿದಾಡಿದ ಹಾಗೆ, ಎಳೆದ ಹಾಗೆ. ಜೋಮು ಅಲ್ಲ, ಉಳುಕೂ ಅಲ್ಲ. ಕಾಲು ಆಡಿಸಿದರೆ ಹೋಯ್ತು, ನಿಲ್ಲಿಸಿದರೆ ಮತ್ತೆ ಬಂತು. ಇದೇ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್. ಕ್ಲಾಸಿನಲ್ಲಿ ಕೂತು ಕಾಲು ಕುಣಿಸುವ ನಮ್ಮ ಚಟವೇ ಬೇರೆ, ಇದೇ ಬೇರೆ. ಸ್ವೀಡನ್ನಿನ ವೈದ್ಯ ಎಕ್‌ಬೊಮ್ 1945ರಲ್ಲೇ ಇದನ್ನು ವಿವರವಾಗಿ ದಾಖಲಿಸಿದ್ದರು.

ಮಿದುಳಿನ ಡೋಪಮಿನ್ ವ್ಯವಸ್ಥೆಗೂ ಇದಕ್ಕೂ ನಂಟಿದೆ. ಹಾಗಾಗಿ ಡೋಪಮಿನ್‌ನಂತೆ ಕೆಲಸ ಮಾಡುವ ರೋಪಿನಿರೋಲ್ ಮಾತ್ರೆಗೆ 2005ರಲ್ಲಿ, ಪ್ರಮಿಪೆಕ್ಸೋಲ್‌ಗೆ 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲ ವಾರವೇ ಗಾಢ ನಿದ್ದೆ ಬಂದವರುಂಟು. ತೊಂದರೆ ಕಾಣಿಸಿದ್ದು ಆಮೇಲೆ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕೆಲವರಲ್ಲಿ, ರಾತ್ರಿ ಹತ್ತಕ್ಕೆ ಬರುತ್ತಿದ್ದ ಚಡಪಡಿಕೆ ಸಂಜೆ ಐದಕ್ಕೇ ಬರತೊಡಗಿತು, ಕೈಗೂ ಹರಡಿತು. ಇದನ್ನು ಆಗ್ಮೆಂಟೇಶನ್ ಅನ್ನುತ್ತಾರೆ. ರೋಗ ಜಾಸ್ತಿಯಾಯ್ತು ಅಂದುಕೊಂಡು ಡೋಸ್ ಏರಿಸಿದರೆ ಸ್ವಲ್ಪ ದಿನ ಸರಿಹೋಗುತ್ತದೆ, ಆಮೇಲೆ ಇನ್ನೂ ಕೆಡುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಹೇಳಬೇಕಿಲ್ಲ: ನೆಗೆಟಿವ್ ಫೀಡ್‌ಬ್ಯಾಕ್ ಅಂತ ನಂಬಿ ಕಟ್ಟಿದ ಲೂಪು ಪಾಸಿಟಿವ್ ಆಗಿ ಕೂತಿದೆ! ಇನ್ನು ಕೆಲವರಿಗೆ ಜೂಜಾಡುವ, ಕಂಡದ್ದನ್ನೆಲ್ಲ ಕೊಳ್ಳುವ ತಡೆಯಲಾಗದ ಹಂಬಲವೂ ಹತ್ತಿಕೊಂಡಿದೆ. ಅದು ಮಾತ್ರೆಯ ಅಡ್ಡಪರಿಣಾಮ ಅಂತ ಮನೆಯವರಿಗೆ ಹೊಳೆಯುವುದೇ ಕಷ್ಟ.

ಹೀಗಾಗಿ 2025ರಲ್ಲಿ ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ ಈ ಎರಡು ಮಾತ್ರೆಗಳನ್ನು ಮಾಮೂಲಾಗಿ ಬಳಸುವುದು ಬೇಡ ಎಂದು ಸಲಹೆ ಕೊಟ್ಟಿತು. ಮುಂದಕ್ಕೆ ಬಂದದ್ದು ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್. ಇವೇನೂ ಬೆಲ್ಲದ ಉಂಡೆಯಲ್ಲ: ತಲೆಸುತ್ತು, ಬೆಳಗಿನ ಮಂಪರು, ತೂಕ ಏರುವುದು ಉಂಟು. ಹೊಸದಾಗಿ ಶುರುಮಾಡಿದ ದಿನಗಳಲ್ಲಿ ಬೈಕ್ ಹತ್ತದಿರುವುದೇ ಒಳ್ಳೆಯದು.

ಆದರೆ ಮಾತ್ರೆಗಿಂತ ಮೊದಲು ನೋಡಬೇಕಾದ್ದು ಕಬ್ಬಿಣ. ಡೋಪಮಿನ್ ತಯಾರಾಗಲು ಬೇಕಾದ ಕಿಣ್ವಕ್ಕೆ ಕಬ್ಬಿಣ ಬೇಕು. ಹಿಮೋಗ್ಲೋಬಿನ್ ಸರಿಯಾಗಿದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಅದನ್ನು ತೋರಿಸುವುದು ಫೆರಿಟಿನ್ ಪರೀಕ್ಷೆ. ರಿಪೋರ್ಟಿನಲ್ಲಿ 30 ಬಂದು ಪಕ್ಕದಲ್ಲಿ ‘ನಾರ್ಮಲ್’ ಅಂತಿದ್ದರೂ ಈ ತೊಂದರೆ ಇರುವವರಿಗೆ ಅದು ಸಾಲದು. ದೊಡ್ಡವರಲ್ಲಿ ಮಿಲಿಲೀಟರಿಗೆ 75 ನ್ಯಾನೋಗ್ರಾಂ ಅಥವಾ ಕಡಿಮೆ ಇದ್ದರೆ ಕಬ್ಬಿಣ ಕೊಡುವುದನ್ನು ವೈದ್ಯರು ಪರಿಗಣಿಸುತ್ತಾರೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರು, ಪ್ರತಿ ಕ್ಯಾಂಪಿನಲ್ಲೂ ರಕ್ತದಾನ ಮಾಡುವ ನಮ್ಮ ಉತ್ಸಾಹಿಗಳು ಇದನ್ನು ಗಮನಿಸಬೇಕು. ಹಾಗಂತ ಅಂಗಡಿಯಿಂದ ಕಬ್ಬಿಣದ ಮಾತ್ರೆ ತಂದು ನುಂಗುವುದಲ್ಲ, ಅದು ಹೆಚ್ಚಾದರೂ ಅಪಾಯವೇ. ನೆಗಡಿಗೆ ನುಂಗುವ ನಿದ್ದೆ ಬರಿಸುವ ಮಾತ್ರೆ, ಕೆಲವು ಖಿನ್ನತೆಯ ಔಷಧಿ, ರಾತ್ರಿ ಕಾಫಿ ಕೂಡ ಕಾಲಿನ ಕಾಟ ಹೆಚ್ಚಿಸಬಲ್ಲವು. ವೈದ್ಯರ ಹತ್ತಿರ ಇವನ್ನೆಲ್ಲ ಹೇಳಲೇಬೇಕು. ಈಗಾಗಲೇ ನಡೆಯುತ್ತಿರುವ ಔಷಧಿಯನ್ನು ನಾವೇ ತಟ್ಟನೆ ನಿಲ್ಲಿಸುವಂತಿಲ್ಲ. ಅದರಲ್ಲೂ ಡೋಪಮಿನ್ ಮಾತ್ರೆ ಬಿಟ್ಟ ಮೊದಲ ರಾತ್ರಿಗಳು ಬಹಳ ಕಠಿಣ, ವೈದ್ಯರ ಕಣ್ಣೆದುರೇ ನಿಧಾನಕ್ಕೆ ಇಳಿಸಬೇಕು.

ಹೊಸ ಮಾತ್ರೆ ಶುರುವಾದರೆ ಒಂದು ಪುಟ್ಟ ಲಾಗ್ ಇಟ್ಟುಕೊಳ್ಳೋಣ: ಮಾತ್ರೆ ತಗೊಂಡ ಹೊತ್ತು, ಚಡಪಡಿಕೆ ಶುರುವಾದ ಹೊತ್ತು, ಎಲ್ಲೆಲ್ಲಿ, ಎಷ್ಟು ಸಲ ಎದ್ದದ್ದು. ವಾರಕ್ಕೊಮ್ಮೆ ಎರಡನೇ ಕಾಲಮ್ ನೋಡಿದರೆ ಸಾಕು. ಅಲ್ಲಿನ ಗಂಟೆ ಹಿಂದೆ ಹಿಂದೆ ಸರಿಯುತ್ತಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಬೇಕು.